ಹಳೇ ಮಿಲಿಟರಿ ಮೆಡಲ್ ಸಿಕ್ಕಿದ್ರೆ ಮೊದಲು ಅದರ ಅಂಚು ಓದಿ

ಹಳೇ ಮಿಲಿಟರಿ ಮೆಡಲ್ ಕೈಗೆ ಬಂದ ತಕ್ಷಣ ಎಲ್ರೂ ಮಾಡೋದು ಒಂದೇ. ಈ ಕಡೆ ತಿರುಗಿಸಿ ನೋಡ್ತಾರೆ, ಆ ಕಡೆ ತಿರುಗಿಸಿ ನೋಡ್ತಾರೆ, ರಾಜನ ತಲೆ ಇದೆ ಕುದುರೆ ಇದೆ ಅಂತಾರೆ, ಆಮೇಲೆ ಫೋನ್ ತೆಗೆದು ಇದಕ್ಕೆಷ್ಟು ಬೆಲೆ ಅಂತ ಗೂಗಲ್ ಮಾಡ್ತಾರೆ. ಮೊದಲನೇ ಮಹಾಯುದ್ಧದ ಬ್ರಿಟಿಷ್ ಮೆಡಲ್ ಆಗಿದ್ರೆ ಮುಖ್ಯವಾದ ವಿಷಯ ಆ ಎರಡು ಮುಖದಲ್ಲೂ ಇರಲ್ಲ, ಸುತ್ತಲಿನ ತೆಳ್ಳಗಿನ ಅಂಚಲ್ಲಿರುತ್ತೆ. ಒಂದು ಭೂತಗನ್ನಡಿ ತಗೊಂಡು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ, ಒಂದು ನಂಬರ್, ಆಮೇಲೆ ರ‍್ಯಾಂಕು, ಹೆಸರು, ಕೊನೆಗೆ ರೆಜಿಮೆಂಟು, ಹೀಗೆ ಒಂದು ಸಾಲು ಕಾಣುತ್ತೆ. ಆ ಒಂದು ಸಾಲು ಇದ್ರೆ ಅದು ಒಬ್ಬ ಮನುಷ್ಯನ ಮೆಡಲ್. ಇಲ್ಲದಿದ್ರೆ, ಅಥವಾ ಯಾರಾದ್ರೂ ಉಜ್ಜಿ ಅಳಿಸಿದ್ರೆ, ಅದೇ ಡಿಸೈನಿನ ಲಕ್ಷಾಂತರ ಬಿಲ್ಲೆಗಳಲ್ಲಿ ಇನ್ನೊಂದು ಅಷ್ಟೇ.

ಬ್ರಿಟನ್ನಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿಯ ಮೆಡಲ್ ಅರ್ಥ ಆದ್ರೆ ಬೇರೆ ದೇಶದವು ಯಾಕೆ ಕಷ್ಟ ಅನ್ನೋದೂ ಅರ್ಥ ಆಗುತ್ತೆ. ಮೊದಲನೇ ಮಹಾಯುದ್ಧಕ್ಕೆ ಹೋಗಿಬಂದ ಸಾಮಾನ್ಯ ಸಿಪಾಯಿಗೆ ಹೆಚ್ಚಂದ್ರೆ ಮೂರು ಮೆಡಲ್ ಸಿಕ್ತಿತ್ತು. ಒಂದು ಕಂಚಿನ ಸ್ಟಾರ್, ಒಂದು ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ಇನ್ನೊಂದು ಹಳದಿ ಬಣ್ಣದ ವಿಕ್ಟರಿ ಮೆಡಲ್. ಈ ಮೂರೂ ಒಟ್ಟಿಗೆ ಇದ್ರೆ ಕಲೆಕ್ಟರ್‌ಗಳು ಪಿಪ್, ಸ್ಕ್ವೀಕ್, ವಿಲ್ಫ್ರೆಡ್ ಅಂತ ಕರೀತಾರೆ, ಅದು ಆಗಿನ ಕಾಲದ ಬ್ರಿಟಿಷ್ ಪೇಪರ್‌ನಲ್ಲಿ ಬರ್ತಿದ್ದ ಕಾಮಿಕ್ಸ್‌ನ ಮೂರು ಪ್ರಾಣಿಗಳ ಹೆಸರು.

ಸ್ಟಾರ್‌ನಲ್ಲೇ ಎರಡು ಥರ ಇದೆ, ಇಲ್ಲಿ ತುಂಬಾ ಜನ ಎಡವ್ತಾರೆ. 1914ರ ಸ್ಟಾರ್ ಅಂದ್ರೆ ಆ ವರ್ಷ ಆಗಸ್ಟ್ 5ರಿಂದ ನವೆಂಬರ್ 22ರ ಒಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿ ಇದ್ದವರಿಗೆ ಮಾತ್ರ. ಅದಾದ ಮೇಲೆ ಬಂದವರಿಗೆ, ಬೇರೆ ರಣರಂಗಕ್ಕೆ 1915 ಮುಗಿಯೋದ್ರೊಳಗೆ ಹೋದವರಿಗೆ 1914-15ರ ಸ್ಟಾರ್. ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ ಥರ, ರಿಬ್ಬನ್ ಕೂಡ ಅದೇ ಕೆಂಪು-ಬಿಳಿ-ನೀಲಿ, ಮಧ್ಯದ ಸುರುಳಿಯ ಬರಹ ಮಾತ್ರ ಬೇರೆ. ಮೊದಲನೆಯದು ಸುಮಾರು 3.78 ಲಕ್ಷ, ಎರಡನೆಯದು 23 ಲಕ್ಷಕ್ಕೂ ಮೇಲೆ, ಹಾಗಾಗಿ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇದೆ, ವ್ಯತ್ಯಾಸ ಇರೋ ಕಡೆ ಮೋಸಾನೂ ಇದ್ದೇ ಇರುತ್ತೆ. 1914ರ ಸ್ಟಾರ್ ತಗೊಂಡವರಲ್ಲಿ ಭಾರತೀಯರೂ ಇದಾರೆ, ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳು ಆ ವರ್ಷ ಸೆಪ್ಟೆಂಬರ್ ಕೊನೆಯಿಂದಲೇ ಮಾರ್ಸೇಲ್ಸ್ ಬಂದರಲ್ಲಿ ಇಳಿಯೋಕೆ ಶುರು ಮಾಡಿದ್ವು, ಅಕ್ಟೋಬರ್ 31ಕ್ಕೆ ಬೆಲ್ಜಿಯಂನ ಹಾಲೆಬೆಕೆ ಹತ್ತಿರ ಖುದಾದಾದ್ ಖಾನ್ ಅನ್ನೋ ಸಿಪಾಯಿ ಮೆಷಿನ್ ಗನ್ ಬಿಡದೆ ಕೂತಿದ್ದಕ್ಕೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದಕ್ಕೂ ಬರೀ ಮೂರು ವರ್ಷ ಮುಂಚೆ, ಅಂದ್ರೆ 1911ರ ತನಕ, ಭಾರತೀಯ ಸಿಪಾಯಿಗೆ ಆ ಪದಕ ಕೊಡೋಕೆ ಅವಕಾಶಾನೇ ಇರ್ಲಿಲ್ಲ.

ಸ್ಟಾರ್‌ಗೆ ಅಂಚು ಅನ್ನೋದು ಇಲ್ಲ, ಹೆಸರು ಅದರ ಬೆನ್ನ ಮೇಲೆ ಇರುತ್ತೆ. ಮಿಕ್ಕ ಎರಡಕ್ಕೆ ಅಂಚಲ್ಲಿ. ಬ್ರಿಟಿಷ್ ವಾರ್ ಮೆಡಲ್ ಹಿಂದೆ ಬೆತ್ತಲೆ ಸವಾರ ಕುದುರೆ ಮೇಲೆ ಕೂತಿರ್ತಾನೆ, 1914-1918 ಅಂತ ಇರುತ್ತೆ. ವಿಕ್ಟರಿ ಮೆಡಲ್ ಮುಂದೆ ರೆಕ್ಕೆ ಇರೋ ದೇವತೆ, ಹಿಂದೆ 1914-1919 ಅಂತ ಇರುತ್ತೆ. ಇದ್ಯಾಕೆ 1919, ನಕಲಿ ಇರ್ಬೇಕು ಅಂತ ಕೇಳೋರಿದಾರೆ. ಗುಂಡಿನ ಸದ್ದು ನಿಂತಿದ್ದು 1918ರ ನವೆಂಬರ್ 11ಕ್ಕೆ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್‌ನಲ್ಲಿ, ಅದಕ್ಕೇ ಆ ವರ್ಷ. ಈ ವಿಕ್ಟರಿ ಮೆಡಲ್ ಇನ್ನೊಂದು ಕಾರಣಕ್ಕೆ ಮಜಾ. ಮಿತ್ರರಾಷ್ಟ್ರಗಳೆಲ್ಲ ಸೇರಿ ರಿಬ್ಬನ್ ಒಂದೇ ಇಟ್ಕೊಳ್ಳೋಣ, ಡಿಸೈನ್ ಅವರವರು ಮಾಡ್ಕೊಳ್ಳೋಣ ಅಂತ ಒಪ್ಕೊಂಡ್ರು, ಹಾಗಾಗಿ ಫ್ರಾನ್ಸ್, ಬೆಲ್ಜಿಯಂ, ಇಟಲಿ ಎಲ್ಲದಕ್ಕೂ ಅದೇ ಎರಡು ಕಾಮನಬಿಲ್ಲು ಜೋಡಿಸಿದ ಥರದ ರಿಬ್ಬನ್ ಇರುತ್ತೆ. ರಿಬ್ಬನ್ ನೋಡಿ ದೇಶ ಹೇಳೋಕಾಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಬ್ರಿಟಿಷ್ ರಿಬ್ಬನ್ ಮೇಲೆ ಕಂಚಿನ ಪುಟ್ಟ ಓಕ್ ಎಲೆ ಇದ್ರೆ, ಆ ವ್ಯಕ್ತಿಯ ಹೆಸರು ಕಮಾಂಡರ್‌ನ ಯುದ್ಧ ವರದಿಯಲ್ಲಿ ಮೆಚ್ಚುಗೆಯಾಗಿ ಬಂದಿತ್ತು ಅಂತ ಅರ್ಥ, ಆದ್ರೆ ಎಲೆ ಚುಚ್ಚೋಕೆ ಎರಡು ನಿಮಿಷ ಸಾಕು, ಅದನ್ನ ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಈಗ ಆ ಸಾಲು ಓದೋದು ಹೇಗೆ ಅಂತ ನೋಡೋಣ. ನಂಬರ್ ಮುಂದೆ ಅಕ್ಷರ ಇದ್ರೆ ಅದನ್ನ ಬಿಡಬೇಡಿ. ಆರ್ಮಿ ಸರ್ವಿಸ್ ಕೋರ್‌ನಲ್ಲಿ ಎಂ ಅಂತ ಇದ್ರೆ ಮೋಟಾರ್ ಲಾರಿ ವಿಭಾಗ, ಟಿ ಅಂತ ಇದ್ರೆ ಕುದುರೆ ಗಾಡಿ ವಿಭಾಗ, ಎಸ್ ಅಂದ್ರೆ ಸಪ್ಲೈ. ನೌಕಾಪಡೆಯಲ್ಲಿ ಜೆ ಅಂದ್ರೆ ಡೆಕ್ ಮೇಲಿನ ನಾವಿಕ, ಕೆ ಅಂದ್ರೆ ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕೋನು. ಒಂದೇ ಅಕ್ಷರ, ಆದ್ರೆ ಒಬ್ಬ ಗಾಳಿಯಲ್ಲಿ ನಿಂತಿದ್ನೋ ಇಂಜಿನ್ ರೂಮಿನ ಬೆಂಕಿ ಮುಂದೆ ಬೆಂದನೋ ಅನ್ನೋದು ಅದರಲ್ಲಿದೆ. ಬರೀ ನಂಬರ್ ನಂಬ್ಕೊಂಡ್ರೂ ಆಗಲ್ಲ, ಆಗ ಒಂದೊಂದು ರೆಜಿಮೆಂಟೂ ತನ್ನದೇ ಲೆಕ್ಕದಲ್ಲಿ ನಂಬರ್ ಕೊಡ್ತಿತ್ತು, ಒಂದೇ ನಂಬರಿನ ಹತ್ತಾರು ಜನ ಸಿಗ್ತಾರೆ, ನಂಬರ್ ಮತ್ತು ರೆಜಿಮೆಂಟ್ ಎರಡೂ ಸೇರಿಸಿಯೇ ಹುಡುಕಬೇಕು. ಆರ್ಮಿ ಆಫೀಸರ್ ಆಗಿದ್ರೆ ನಂಬರೂ ಇರಲ್ಲ, ಬೆಳ್ಳಿ ಮತ್ತು ವಿಕ್ಟರಿ ಮೆಡಲ್ ಅಂಚಲ್ಲಿ ಸಾಮಾನ್ಯವಾಗಿ ರೆಜಿಮೆಂಟೂ ಇರಲ್ಲ, ಬರೀ ರ‍್ಯಾಂಕು ಹೆಸರು.

ಸಾಲು ಸಿಕ್ಕಿದ ಮೇಲೆ ಲಂಡನ್ನಿನ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನ ವೆಬ್‌ಸೈಟಿಗೆ ಹೋಗಿ ಮೆಡಲ್ ಇಂಡೆಕ್ಸ್ ಕಾರ್ಡ್ ಹುಡುಕಬಹುದು, ಡಬ್ಲ್ಯುಓ 372 ಅನ್ನೋ ಸರಣಿ. ಹುಡುಕೋದು ಫ್ರೀ, ಕಾರ್ಡಿನ ಪ್ರತಿ ಬೇಕಂದ್ರೆ ಸ್ವಲ್ಪ ದುಡ್ಡು. ಅದರಲ್ಲಿ ಆ ವ್ಯಕ್ತಿ ಯಾವ ಯಾವ ಯೂನಿಟ್‌ನಲ್ಲಿದ್ದ, ಯಾವ ಮೆಡಲ್‌ಗೆ ಅರ್ಹ, ಎಷ್ಟೋ ಕಾರ್ಡಲ್ಲಿ ಯಾವ ತಾರೀಖಿಗೆ ಯಾವ ರಣರಂಗಕ್ಕೆ ಕಾಲಿಟ್ಟ ಅಂತ ಕೂಡ ಇರುತ್ತೆ. ಮೆಡಲ್ ಅಂಚಲ್ಲಿರೋದು ಸಾಮಾನ್ಯವಾಗಿ ಅವನು ಮೊದಲು ಹೋದ ಯೂನಿಟ್, ಮಧ್ಯದಲ್ಲಿ ಬೇರೆ ಕಡೆ ಟ್ರಾನ್ಸ್‌ಫರ್ ಆಗಿ ಅಲ್ಲೇ ಸತ್ತಿದ್ರೂ ಅಂಚು ಹೇಳಲ್ಲ, ಕಾರ್ಡ್ ಹೇಳುತ್ತೆ. ಇಡೀ ಸರ್ವಿಸ್ ಫೈಲ್ ಸಿಗುತ್ತಾ ಅಂದ್ರೆ ಅದು ಅದೃಷ್ಟ. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಸಿಪಾಯಿಗಳ ಫೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋಯ್ತು, ಉಳಿದಿರೋವನ್ನ ಇವತ್ತಿಗೂ ಸುಟ್ಟ ಕಾಗದ ಅಂತಲೇ ಕರೀತಾರೆ, ಅಂಚು ಕರಕಲಾಗಿ ನೀರು ಕುಡಿದ ಹಾಳೆಗಳು. ಅಂದ್ರೆ ಒಂದು ಯುದ್ಧದ ಸಿಪಾಯಿಗಳನ್ನ ಎರಡನೇ ಯುದ್ಧ ಮತ್ತೊಮ್ಮೆ ಕಾಣೆ ಮಾಡ್ತು.

ಹೆಸರಿನ ವಿಷಯಕ್ಕೆ ಮೋಸ ಹೇಗೆ ಮಾಡ್ತಾರೆ ಅಂದ್ರೆ, ಸಾಮಾನ್ಯ ರೆಜಿಮೆಂಟಿನ ಮೆಡಲ್ ತಗೊಂಡು ಅಂಚು ತೇದು, ಬೇರೆ ಹೆಸರು ಹಾಕೋದು, ಯಾವುದೋ ದೊಡ್ಡ ಕಾಳಗದಲ್ಲಿ ಸತ್ತವನ ಹೆಸರು. ಹಿಡಿಯೋದು ಕಷ್ಟ ಇಲ್ಲ. ಸರ್ಕಾರ ಹಾಕಿಸಿದ ಹೆಸರು ಅಚ್ಚಿನಿಂದ ಒತ್ತಿದ್ದು, ಒಂದೇ ಆಳ, ಒಂದೇ ಅಳತೆ. ನಮ್ಮ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ ಮೇಲೆ ಮಿಷನ್ ಹಿಡಿದು ಹೆಸರು ಕೊರೀತಾರಲ್ಲ, ಆ ಥರ ಓಲಾಡೋ ಗೆರೆ ಕಂಡ್ರೆ ಅನುಮಾನ ಪಡಿ. ಇನ್ನೊಂದು, ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ, ಈ ಮೆಡಲ್‌ಗಳ ವ್ಯಾಸ 36 ಮಿಲಿಮೀಟರ್, ತೇದಿದ್ರೆ ಹೆಸರಿರೋ ಕಡೆ ಒಂದಿಷ್ಟು ಕಮ್ಮಿ ಬರುತ್ತೆ. ಹಾಗಂತ ಕೊರೆದಿದ್ದೆಲ್ಲ ಕಳ್ಳಮಾಲು ಅಲ್ಲ, ವಿಕ್ಟೋರಿಯಾ ರಾಣಿ ಕಾಲದ ಎಷ್ಟೋ ಮೆಡಲ್‌ಗಳ ಹೆಸರು ಸರ್ಕಾರವೇ ಕೊರೆಸಿದ್ದು. ಮಿಲಿಟರಿ ಕ್ರಾಸ್ ಅನ್ನೋ ಶೌರ್ಯ ಪದಕ ಇದೆ ನೋಡಿ, 1914ರ ಕೊನೆಯಲ್ಲಿ ಶುರುವಾಗಿದ್ದು, ಅದನ್ನ ಆ ಯುದ್ಧದಲ್ಲಿ ಹೆಸರಿಲ್ಲದೇ ಕೊಡ್ತಿದ್ರು, ಮನೆಯವರೇ ಅಂಗಡಿಗೆ ಕೊಟ್ಟು ಕೊರೆಸ್ತಿದ್ರು. ಹಾಗಾಗಿ ಕೊರೆದ ಹೆಸರಿನ ಮಿಲಿಟರಿ ಕ್ರಾಸ್ ಅಸಲಿಯೂ ಇರಬಹುದು, ಹೋದ ವಾರ ಕೊರೆದಿದ್ದೂ ಇರಬಹುದು, ಲಂಡನ್ ಗೆಜೆಟ್‌ನಲ್ಲಿ ಆ ಹೆಸರು ಇದೆಯಾ ಅಂತ ನೋಡದೇ ಕೊಳ್ಳೋದು ಜೂಜು. ಎರಡನೇ ಮಹಾಯುದ್ಧಕ್ಕೆ ಬರೋ ಹೊತ್ತಿಗೆ ಬ್ರಿಟನ್ ತನ್ನ ಸಿಪಾಯಿಗಳಿಗೆ ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ ಕೊಡೋ ಕ್ಯಾಂಪೇನ್ ಮೆಡಲ್‌ಗೆ ಹೆಸರು ಹಾಕೋದನ್ನೇ ಬಿಟ್ಬಿಡ್ತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರು ತಮ್ಮವರಿಗೆ ಹಾಕಿಸಿದ್ರು. ಬ್ರಿಟಿಷ್ ಸೈನಿಕನ ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್ ಇವೆಲ್ಲ ಹಾಗಾಗಿ ಡಬ್ಬಿ, ಪತ್ರ, ಪೇ ಬುಕ್ ಜೊತೆ ಇದ್ರೆ ಮಾತ್ರ ಇಂಥವನದ್ದು ಅಂತ ಹೇಳೋಕಾಗುತ್ತೆ.

ಇನ್ನು ಬೆಳ್ಳಿ ಮೆಡಲ್‌ಗಳ ಗತಿ. ಸುಮಾರು 65 ಲಕ್ಷ ಬ್ರಿಟಿಷ್ ವಾರ್ ಮೆಡಲ್ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಹೊಡೆಸಿದ್ರು. 1979-80ರಲ್ಲಿ ಅಮೆರಿಕದ ಹಂಟ್ ಸೋದರರು ಬೆಳ್ಳಿ ಗುಡ್ಡೆ ಹಾಕ್ಕೊಂಡು ರೇಟು ಔನ್ಸಿಗೆ 50 ಡಾಲರ್ ಹತ್ತಿರ ಏರಿಸಿದಾಗ, ಮೆಡಲ್ ಬೆಲೆಗಿಂತ ಅದರ ಬೆಳ್ಳಿ ಬೆಲೆನೇ ಜಾಸ್ತಿ ಆಯ್ತು, ಲೆಕ್ಕವಿಲ್ಲದಷ್ಟು ಮೆಡಲ್ ಕುಲುಮೆಗೆ ಹೋದ್ವು. ಇವತ್ತು ಸ್ಟಾರ್ ಮತ್ತು ವಿಕ್ಟರಿ ಮೆಡಲ್ ಇದ್ದು ಮಧ್ಯದ ಬೆಳ್ಳಿಯದು ಇಲ್ಲದ ಸೆಟ್ ಅಷ್ಟೊಂದು ಸಿಗೋದಕ್ಕೆ ಇದೂ ಒಂದು ಕಾರಣ. ಒಡೆದ ಸೆಟ್ಟನ್ನ ಮತ್ತೆ ಕೂಡಿಸೋದೇ ಹವ್ಯಾಸ ಮಾಡ್ಕೊಂಡಿರೋ ಜನ ಬ್ರಿಟನ್ನಿನಲ್ಲಿದಾರೆ, ಒಂದೇ ಹೆಸರಿಗೋಸ್ಕರ ವರ್ಷಗಟ್ಟಲೆ ಹರಾಜು ಪಟ್ಟಿ ನೋಡ್ತಾ ಕೂರ್ತಾರೆ. ನನ್ನ ಪ್ರಕಾರ ಕಲೆಕ್ಟರ್‌ಗಳಲ್ಲಿ ಅತಿ ಮರ್ಯಾದೆಯ ಕೆಲಸ ಇದೇ, ಅಪರೂಪದ್ದನ್ನ ಕೊಂಡು ಬೀರುವಿನಲ್ಲಿ ಬೀಗ ಹಾಕೋದಲ್ಲ.

ಇದೇ ಬ್ರಿಟಿಷ್ ವಾರ್ ಮೆಡಲ್ ಕಂಚಿನಲ್ಲೂ ಇದೆ, ಸುಮಾರು 1.1 ಲಕ್ಷ. ಡಿಸೈನ್ ಅದೇ, ರಿಬ್ಬನ್ ಅದೇ, ಲೋಹ ಮಾತ್ರ ಕೀಳು. ಯಾರಿಗೆ ಅಂದ್ರೆ ಚೀನೀ ಲೇಬರ್ ಕೋರ್, ಮಾಲ್ಟಾದ ಕೂಲಿಯವರು, ಮತ್ತೆ ನಮ್ಮ ದೇಶದಿಂದ ಹೋದ ಲೇಬರ್ ಕೋರ್‌ನವರು, ಹೊರೆ ಹೊರೋರು, ಹೇಸರಗತ್ತೆ ನೋಡ್ಕೊಳ್ಳೋರು. ಬಂದೂಕು ಹಿಡಿದವನಿಗೆ ಬೆಳ್ಳಿ, ಅವನಿಗೆ ನೀರು ಮದ್ದುಗುಂಡು ಹೊತ್ತವನಿಗೆ ಕಂಚು. ಬೆಳ್ಳಿ ಅಲ್ಲ ಅಂತ ಗುಜರಿಯವರು ಇದನ್ನ ಕಡೆಗಣಿಸ್ತಾರೆ, ಆದ್ರೆ ಸಂಖ್ಯೆಯಲ್ಲೇ ಇದು ಎಷ್ಟೋ ಕಮ್ಮಿ, ಕೈಗೆ ಸಿಕ್ಕಿದ್ರೆ ಬಿಡಬೇಡಿ.

ಅಂಚಿನ ಆ ಸಾಲು ನಮ್ಮವರಿಗೆ ಯಾಕೆ ಇನ್ನೂ ಮುಖ್ಯ ಅಂತ ಹೇಳ್ತೀನಿ. ಇರಾಕ್‌ನ ಬಾಸ್ರಾ ಸ್ಮಾರಕದಲ್ಲಿ ಮೆಸಪಟೋಮಿಯಾದಲ್ಲಿ ಸತ್ತ, ಸಮಾಧಿ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿದೆ. ಬ್ರಿಟಿಷ್ ಸಿಪಾಯಿಗಳ ಹೆಸರು ಕಲ್ಲಲ್ಲಿ ಕೊರೆದಿದಾರೆ, ಭಾರತೀಯ ಆಫೀಸರ್‌ಗಳ ಹೆಸರೂ ಇದೆ, ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ರೆಜಿಮೆಂಟಿನ ಕೆಳಗೆ ಇಂತಿಷ್ಟು ಜನ ಅಂತ ಬರೀ ಸಂಖ್ಯೆ. ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನಾ ಎಂಜಿನಿಯರ್ ಪಡೆ, ಅಂದ್ರೆ ಇವತ್ತಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಅವರ ಕಂಪನಿಗಳೂ ಮೆಸಪಟೋಮಿಯಾದಲ್ಲಿದ್ವು. 2021ರಲ್ಲಿ ಯುದ್ಧ ಸಮಾಧಿಗಳನ್ನ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನೇ ಒಂದು ವರದಿ ಹೊರಗೆ ಹಾಕಿ ಒಪ್ಕೊಳ್ತು, ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನ ಕಮ್ಮಿ ಅಂದ್ರೂ 1.16 ಲಕ್ಷ ಜನರನ್ನ, ಬಹುಶಃ 3.5 ಲಕ್ಷದವರೆಗೂ, ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಅಂತ. ಸತ್ತವರೆಲ್ಲ ಸಮಾನ, ಜನರಲ್‌ಗೂ ಸಿಪಾಯಿಗೂ ಒಂದೇ ಥರದ ಕಲ್ಲು ಅಂತ 1917ರಲ್ಲಿ ಶುರುವಾದ ಸಂಸ್ಥೆ ಇದು. ಅಂಥ ಒಬ್ಬನ ಮೆಡಲ್ ಸಿಕ್ಕಿದ್ರೆ, ಅವನ ಹೆಸರು ಲೋಹದಲ್ಲಿ ಕೂತಿರೋ ಜಗತ್ತಿನ ಒಂದೇ ಜಾಗ ಆ ಅಂಚೇ ಆಗಿರಬಹುದು. ಅದನ್ನ ತೇದರೆ ಏನು ತೇದಂಗಾಯ್ತು ಯೋಚನೆ ಮಾಡಿ.

ಬ್ರಿಟನ್‌ನಲ್ಲಿ ಸತ್ತವರ ಮನೆಗೆ ಇನ್ನೊಂದು ಬರ್ತಿತ್ತು, ಊಟದ ತಟ್ಟೆಗಿಂತ ಚಿಕ್ಕದು, 12 ಸೆಂಟಿಮೀಟರ್ ಅಗಲದ ಕಂಚಿನ ಫಲಕ, ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ಅನ್ನೋ ಹೆಣ್ಣು, ಸಿಂಹ, ಪಕ್ಕದ ಚೌಕದಲ್ಲಿ ಉಬ್ಬು ಅಕ್ಷರದಲ್ಲಿ ಹೆಸರು. ಜನ ಅದನ್ನ ಸತ್ತವನ ಪೆನ್ನಿ ಅಂತ ಕಹಿಯಾಗಿ ಕರೀತಿದ್ರು. 13 ಲಕ್ಷಕ್ಕೂ ಹೆಚ್ಚು ಎರಕ ಹೊಯ್ದಿದಾರೆ, ಅದರಲ್ಲಿ ಹೆಣ್ಣುಮಕ್ಕಳ ಹೆಸರಿನವು ಸುಮಾರು 600 ಮಾತ್ರ. ರ‍್ಯಾಂಕ್ ಇರಲ್ಲ, ರೆಜಿಮೆಂಟ್ ಇರಲ್ಲ, ಬೇಕಂತಲೇ ಬಿಟ್ಟಿದಾರೆ. ಒಳ್ಳೆ ಉದ್ದೇಶ, ಆದ್ರೆ ಹುಡುಕೋರಿಗೆ ತಲೆನೋವು, ಜಾನ್ ಸ್ಮಿತ್ ಅಂತ ಇದ್ರೆ ಯಾವ ಜಾನ್ ಸ್ಮಿತ್ ಅಂತ ಯಾರಿಗೂ ಹೇಳೋಕಾಗಲ್ಲ.

ಈಗ ಫ್ರಾನ್ಸ್. ಅಲ್ಲಿ ಕ್ರ್ವಾ ದ ಗೇರ್ ಅನ್ನೋ ಕಂಚಿನ ಶಿಲುಬೆ, 1915ರ ಏಪ್ರಿಲ್‌ನಲ್ಲಿ ಶುರುವಾಗಿದ್ದು, ಹಸಿರು ರಿಬ್ಬನ್ ಮೇಲೆ ಸಣ್ಣ ಕೆಂಪು ಗೆರೆ. ಇದಕ್ಕೆ ಹೆಸರೇ ಇಲ್ಲ. ಆದ್ರೆ ರಿಬ್ಬನ್ ಮಾತಾಡುತ್ತೆ. ಕಂಚಿನ ನಕ್ಷತ್ರ ಇದ್ರೆ ರೆಜಿಮೆಂಟ್ ಅಥವಾ ಬ್ರಿಗೇಡ್ ಮಟ್ಟದ ಮೆಚ್ಚುಗೆ, ಬೆಳ್ಳಿ ನಕ್ಷತ್ರ ಡಿವಿಷನ್ನಿನದು, ಚಿನ್ನದ ಬಣ್ಣದ್ದು ಕೋರ್ ಮಟ್ಟದ್ದು, ಕಂಚಿನ ತಾಳೆಗರಿ ಇದ್ರೆ ಇಡೀ ಆರ್ಮಿ ಮಟ್ಟದ್ದು. ಹಿಂದೆ 1914-1915, 1914-1916 ಹೀಗೆ ವರ್ಷ ಬದಲಾಗ್ತಾ ಹೋಗುತ್ತೆ, ಯುದ್ಧ ಯಾವಾಗ ಮುಗಿಯುತ್ತೋ ಅವರಿಗೂ ಗೊತ್ತಿರ್ಲಿಲ್ಲ ನೋಡಿ, ವರ್ಷಕ್ಕೊಂದು ಅಚ್ಚು ಮಾಡ್ತಾ ಹೋದ್ರು. ಅದಕ್ಕಿಂತ ಮೇಲಿನ ಲೀಜಿಯನ್ ಆಫ್ ಆನರ್ 1802ರಲ್ಲಿ ನೆಪೋಲಿಯನ್ ಶುರು ಮಾಡಿದ್ದು, ಅದರ ನಡುಮಧ್ಯದ ಬಿಲ್ಲೆ ನೋಡಿದ್ರೆ ಕಾಲ ಗೊತ್ತಾಗುತ್ತೆ, ಮೊದಲು ನೆಪೋಲಿಯನ್ ಮುಖ, ರಾಜರು ವಾಪಸ್ ಬಂದಾಗ ನಾಲ್ಕನೇ ಹೆನ್ರಿ ಮುಖ, ಗಣರಾಜ್ಯ ಆದ್ಮೇಲೆ ಹೆಣ್ಣಿನ ಮುಖ ಮತ್ತು 1870 ಅನ್ನೋ ವರ್ಷ. ಸರ್ಕಾರ ಬಿದ್ದಾಗೆಲ್ಲ ಪದಕದ ಮುಖ ಬದಲಾಯ್ತು. ಪಡೆದವರ ಫೈಲುಗಳು ಲೆಯೊನೋರ್ ಅನ್ನೋ ಸರ್ಕಾರಿ ಡೇಟಾಬೇಸ್‌ನಲ್ಲಿ ಸಿಗ್ತವೆ, ಆದ್ರೆ ನಿಮ್ಮ ಹತ್ತಿರ ಹೆಸರಿದ್ರೆ ತಾನೇ ಹುಡುಕೋದು. ಫ್ರೆಂಚ್ ಪದಕವನ್ನ ಪೇಪರ್ ಇಲ್ಲದೇ ಕೊಂಡ್ರೆ ಚೆಂದದ ಒಡವೆ ಕೊಂಡ ಹಾಗೆ ಅಂದ್ಕೊಳ್ಳಿ ಅಷ್ಟೇ.

ಜರ್ಮನಿಯ ಐರನ್ ಕ್ರಾಸ್ ಎಲ್ರಿಗೂ ಗೊತ್ತು, ಎಲ್ರಿಗೂ ಬೇಕು, ಹಾಗಾಗಿ ನಕಲಿಯೂ ಅದರಲ್ಲೇ ಜಾಸ್ತಿ. 1813ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ರಾಜ ನೆಪೋಲಿಯನ್ ವಿರುದ್ಧ ಹೋರಾಡೋರಿಗೆ ಅಂತ ಶುರು ಮಾಡಿದ್ದು, ಆಮೇಲೆ 1870, 1914, 1939ರಲ್ಲಿ ಮತ್ತೆ ಜಾರಿಗೆ ಬಂತು, ಆ ವರ್ಷ ಶಿಲುಬೆ ಮೇಲೇ ಇರುತ್ತೆ. ಅಸಲಿ ಸೆಕೆಂಡ್ ಕ್ಲಾಸ್ ಕ್ರಾಸ್ ಅಂದ್ರೆ ಒಳಗೆ ಕಪ್ಪು ಬಳಿದ ಕಬ್ಬಿಣದ ತಿರುಳು, ಸುತ್ತ ಎರಡು ಅರ್ಧ ಸೇರಿಸಿ ಬೆಸೆದ ಚೌಕಟ್ಟು, ಒಟ್ಟು ಮೂರು ಭಾಗ. ಒಂದೇ ಎರಕದಲ್ಲಿ ಹೊಯ್ದಿದ್ರೆ ಅದು ಆಟಿಕೆ. ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಎಲ್ರೂ ಹೇಳ್ತಾರೆ, ಒಳ್ಳೇದೇ, ಆದ್ರೆ ಮ್ಯಾಗ್ನೆಟ್ ಹಿಡಿಯದ ಅಸಲಿಗಳೂ ಇವೆ, ಮ್ಯಾಗ್ನೆಟ್ ಹಿಡಿಯೋ ನಕಲಿಗಳಂತೂ ಬೇಕಾದಷ್ಟಿವೆ, ಅದೊಂದನ್ನೇ ನಂಬಬೇಡಿ. ನೇತುಹಾಕೋ ರಿಂಗ್ ಮೇಲೆ ಎಷ್ಟೋ ಸಲ ತಯಾರಕರ ಪುಟ್ಟ ಗುರುತು ಇರುತ್ತೆ, ಯಾರ ಹೆಸರೂ ಇರಲ್ಲ. ಪ್ರಷ್ಯಾ ಸೇನೆಯವನನ್ನ ಕಾಗದದಲ್ಲಿ ಹುಡುಕೋಣ ಅಂದ್ರೆ ಅವರ ಆರ್ಕೈವ್ 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡ್ಯಾಮ್ ಮೇಲೆ ಬಿದ್ದ ಬಾಂಬಿಗೆ ಹೋಯ್ತು. ಬವೇರಿಯಾದವರ ದಾಖಲೆ ಮ್ಯೂನಿಕ್‌ನಲ್ಲಿ ಉಳಿದಿದೆ. ಅಂದ್ರೆ ಒಬ್ಬ ಜರ್ಮನ್ ಸಿಪಾಯಿ ನಮಗೆ ಸಿಗ್ತಾನಾ ಇಲ್ವಾ ಅನ್ನೋದು ಅವನ ಊರು ಯಾವ ರಾಜ್ಯದಲ್ಲಿತ್ತು ಅನ್ನೋದರ ಮೇಲಿದೆ.

1939ರ ಐರನ್ ಕ್ರಾಸ್ ಮೇಲೆ ನಾಜಿಗಳ ಸ್ವಸ್ತಿಕ ಇದೆ, ಇದನ್ನ ಸುಮ್ನೆ ದಾಟೋಕಾಗಲ್ಲ. ಜರ್ಮನಿಯಲ್ಲಿ ಆ ಚಿಹ್ನೆಯನ್ನ ಸಾರ್ವಜನಿಕವಾಗಿ ತೋರಿಸೋದು ಅಪರಾಧ, ಇತಿಹಾಸ ಸಂಶೋಧನೆ ಥರದ ಕೆಲಸಕ್ಕೆ ವಿನಾಯಿತಿ ಇದೆ. 1957ರಲ್ಲಿ ಪಶ್ಚಿಮ ಜರ್ಮನಿ ಒಂದು ಕಾನೂನು ಮಾಡಿ, ಹಳೇ ಸೈನಿಕರು ಸ್ವಸ್ತಿಕ ತೆಗೆದು ಓಕ್ ಎಲೆ ಹಾಕಿದ ಹೊಸ ಆವೃತ್ತಿಯನ್ನ ಹಾಕ್ಕೋಬಹುದು ಅಂತು. ಈ 1957ರ ಆವೃತ್ತಿ ನಕಲಿ ಅಲ್ಲ, ಅದೂ ಇತಿಹಾಸವೇ. ಕಲೆಕ್ಟರ್‌ಗಳಲ್ಲಿ ನಾಜಿ ಪಕ್ಷದ ಬಗ್ಗೆ ಒಳಗೊಳಗೇ ಮೋಹ ಇಟ್ಕೊಂಡಿರೋರೂ ಇದಾರೆ, ಅದು ಸಿಪಾಯಿಗೆ ಗೌರವ ಅಲ್ಲ, ಬಿಡಿ.

ಸೋವಿಯತ್ ಪದಕಗಳ ಕಥೆ ಪೂರ್ತಿ ಉಲ್ಟಾ. ಆರ್ಡರ್ ಆಫ್ ದಿ ರೆಡ್ ಸ್ಟಾರ್ ಥರದವುಗಳ ಹಿಂದೆ ಹೆಸರಿಲ್ಲ, ಸೀರಿಯಲ್ ನಂಬರ್ ಇದೆ, ಆ ನಂಬರಿಗೆ ಹೊಂದೋ ಪುಸ್ತಿಕೆ ಇದ್ರೆ ಆ ಸೈನಿಕ ಏನು ಮಾಡಿದ್ದಕ್ಕೆ ಕೊಟ್ರು ಅನ್ನೋ ಶಿಫಾರಸು ಪತ್ರದ ತನಕ ಹೋಗಬಹುದು, ರಷ್ಯಾ ಸರ್ಕಾರ ಲಕ್ಷಾಂತರ ಪತ್ರಗಳನ್ನ ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದೆ. ಆದ್ರೆ ರಷ್ಯಾದೊಳಗೆ ಇವುಗಳನ್ನ ಕೊಳ್ಳೋದು ಮಾರೋದು ಕ್ರಿಮಿನಲ್ ಕೇಸ್, ಅಲ್ಲಿಗೆ ಟೂರ್ ಹೋದಾಗ ಬೀದಿಯಲ್ಲಿ ಯಾರೋ ಕೊಟ್ರು ಅಂತ ತಗೊಂಡು ಏರ್‌ಪೋರ್ಟಿಗೆ ಹೋಗಬೇಡಿ.

ನಮ್ಮ ಕಾನೂನೂ ಇದೆ. ಐತಿಹಾಸಿಕ ಮಹತ್ವ ಇರೋ, 100 ವರ್ಷ ದಾಟಿದ ವಸ್ತುವನ್ನ 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ಮೊದಲನೇ ಯುದ್ಧದ ಮೆಡಲ್‌ಗಳು ಈಗ ಆ ವಯಸ್ಸಿಗೆ ಬಂದಿವೆ. ವಿದೇಶದ ಡೀಲರ್ ಡಾಲರ್ ತೋರಿಸಿ ಕೊರಿಯರ್ ಮಾಡಿ ಅಂದ್ರೆ ಮೊದಲು ಇದನ್ನ ವಿಚಾರಿಸ್ಕೊಳ್ಳಿ.

ಗೌರವ ಸಲ್ಲಿಸೋ ವಿಷಯದಲ್ಲಿ ಯುರೋಪಿನವರದ್ದು ಒಂದಿಷ್ಟು ಶಿಸ್ತು ಇದೆ. ಬ್ರಿಟನ್‌ನಲ್ಲಿ ತೀರಿಹೋದ ಅಜ್ಜನ ಮೆಡಲ್ ಮೊಮ್ಮಗ ಹಾಕ್ಕೋಬಹುದು, ಆದ್ರೆ ಬಲ ಎದೆ ಮೇಲೆ, ಸ್ವಂತ ಗಳಿಸಿದವರದ್ದು ಮಾತ್ರ ಎಡಕ್ಕೆ. ಬೆಲ್ಜಿಯಂನ ಈಪ್ರ್ ಊರಿನ ಮೆನಿನ್ ಗೇಟ್ ಅನ್ನೋ ಯುದ್ಧ ಸ್ಮಾರಕದ ಕೆಳಗೆ 1928ರಿಂದ ದಿನಾ ರಾತ್ರಿ 8 ಗಂಟೆಗೆ ಕಹಳೆ ಊದ್ತಾರೆ, ನಡುವೆ ನಾಜಿಗಳು ಊರು ಹಿಡ್ಕೊಂಡಿದ್ದ ವರ್ಷಗಳಲ್ಲಿ ಮಾತ್ರ ಅಲ್ಲಿ ನಿಂತಿತ್ತು. ಆ ಗೋಡೆ ಮೇಲಿರೋ 54 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಭಾರತೀಯರದ್ದೂ ಇದೆ. ಫ್ರಾನ್ಸಿನ ನೂವ್ ಶಾಪೆಲ್‌ನಲ್ಲಿ ನಮ್ಮವರಿಗೇ ಅಂತ ಕಟ್ಟಿದ ಸ್ಮಾರಕ ಇದೆ, 1927ರದ್ದು. ಇಷ್ಟು ದೂರ ಯಾಕೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, 1918ರ ಸೆಪ್ಟೆಂಬರ್ 23ಕ್ಕೆ ಈಗ ಇಸ್ರೇಲಿನಲ್ಲಿರೋ ಹೈಫಾ ಊರನ್ನ ಕುದುರೆ ಮೇಲೆ ನುಗ್ಗಿ ಹಿಡಿದವರಲ್ಲಿ ಅವರೂ ಇದ್ರು, ದಿನಾ ಆ ಕಡೆ ಓಡಾಡೋ ಎಷ್ಟು ಜನಕ್ಕೆ ಗೊತ್ತು ಹೇಳಿ.

ಅಟ್ಟದ ಟ್ರಂಕಿನಲ್ಲೋ ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಸಂಡೇ ಬಜಾರ್‌ನಲ್ಲೋ ನಿಮಗೊಂದು ಸಿಕ್ತು ಅಂದ್ಕೊಳ್ಳಿ. ಹುಣಸೆಹಣ್ಣು, ಬ್ರಾಸೋ, ಟೂತ್‌ಪೇಸ್ಟ್ ಯಾವುದೂ ಮುಟ್ಟಿಸಬೇಡಿ, ನೂರು ವರ್ಷದ ಕಪ್ಪು ಬಣ್ಣವೇ ಅದರ ಮೇಲಿನ ರಕ್ಷಣೆ, ಉಜ್ಜಿದಷ್ಟೂ ಅಂಚಿನ ಅಕ್ಷರ ಸವೀತಾ ಹೋಗುತ್ತೆ. ಪಿವಿಸಿ ಕವರಿನಲ್ಲಿ ಇಟ್ರೆ ಹಸಿರು ಜಿಗುಟು ಕೂರುತ್ತೆ, ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿಡಿ. ರಿಬ್ಬನ್ ಎಷ್ಟೇ ಹರಿದಿದ್ರೂ ಎಸೀಬೇಡಿ. ಅಂಚನ್ನ ತುಂಡು ತುಂಡಾಗಿ ಫೋಟೋ ತೆಗೆದು, ಓದಿದ್ದನ್ನ ಚುಕ್ಕೆ ಸಮೇತ ಹಾಗೇ ಬರೆದಿಡಿ, ಯಾಕಂದ್ರೆ ಭಾರತೀಯ ಹೆಸರುಗಳನ್ನ ಇಂಗ್ಲಿಷ್ ಗುಮಾಸ್ತರು ಬಾಯಿಗೆ ಬಂದ ಹಾಗೆ ಬರೆದಿದಾರೆ, ನೀವು ಸರಿ ಮಾಡೋಕೆ ಹೋದ್ರೆ ದಾಖಲೆಯಲ್ಲಿ ಮ್ಯಾಚ್ ಆಗೋದೇ ಇಲ್ಲ. ಮಾರಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಸೆಟ್ಟಲ್ಲಿ ಮೂರಿದ್ರೆ ಮೂರನ್ನೂ ಒಬ್ಬರಿಗೇ ಮಾರಿ, ಜೊತೆಗೆ ಹುಡುಕಿ ತೆಗೆದ ಕಾಗದದ ಪ್ರತಿಗಳನ್ನೂ ಕೊಡಿ, ಬಿಡಿಬಿಡಿಯಾಗಿ ಮಾರಿದ್ರೆ ನಾಲ್ಕು ಕಾಸು ಜಾಸ್ತಿ ಬರುತ್ತೆ ಅಂತ ಹೇಳೋ ಅಂಗಡಿಯವರ ಮಾತು ಕೇಳಬೇಡಿ.